ಆಟಿ ತಿಂಗಳ ಮಸುಕು ಚಿತ್ರಗಳು: ದೋಷ ಗಾಳಿಯಲ್ಲೋ, ಕೈಯಲ್ಲೋ, ಗಾಜಿನಲ್ಲೋ?

ಅಕ್ಕನ ಮಗ ಕಳೆದ ಆಟಿಯಲ್ಲಿ, ತುಳುನಾಡಿನ ಆ ಜಡಿಮಳೆಯ ತಿಂಗಳಲ್ಲಿ, ಪರ್ಕಳದ ನಮ್ಮ ಮನೆಗೆ ಬಂದವನೇ ಕ್ಯಾಮೆರಾ ಚೀಲವನ್ನು ಜಗಲಿಯ ಮೇಲಿಟ್ಟು, "ಚಿಕ್ಕಮ್ಮ, ಲೆನ್ಸ್ ಹೋಯಿತಂತೆ" ಎಂದ. ಮುಖ ಸಣ್ಣದಾಗಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷದ ಸಂಬಳದಲ್ಲಿ ಉಳಿಸಿ ಕೊಂಡ ಸೆಕೆಂಡ್ ಹ್ಯಾಂಡ್ 70–300 ಮಿ.ಮೀ. ಝೂಮ್ ಅದು. ಮೂರು ವಾರದಿಂದ ತೆಗೆದದ್ದೆಲ್ಲ ಮಸುಕು. ರಿಪೇರಿಗೆ ಒಯ್ದಾಗ ಅಲ್ಲಿನವರು ಟಾರ್ಚ್ ಬಿಟ್ಟು ನೋಡಿ, ಒಳಗೆ ಫಂಗಸ್ ಹಿಡಿದಿದೆ, ಬಿಚ್ಚಿ ತೊಳೆಯುವ ಖರ್ಚಿಗೆ ಇನ್ನಷ್ಟು ಸೇರಿಸಿ ಬೇರೆಯದನ್ನೇ ತೆಗೆದುಕೊಳ್ಳಿ ಎಂದರಂತೆ.

ಫಂಗಸ್ ಇದ್ದದ್ದು ನಿಜ. ನಾನೂ ನೋಡಿದೆ. ಆದರೆ ಚಿತ್ರ ಕೆಟ್ಟದ್ದು ಅದರಿಂದಲ್ಲ. ಹದಿನೈದು ಮಳೆಗಾಲ ಕ್ಯಾಮೆರಾ ಹಿಡಿದು ಪದವು (ಮುರಕಲ್ಲಿನ ಬಯಲುಗುಡ್ಡ), ಹೊಳೆದಂಡೆ, ಗದ್ದೆಬದು ಸುತ್ತಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಕಣ್ಣಿಗೆ ಬಿದ್ದ ದೋಷವೇ ಚಿತ್ರ ಕೆಡಿಸಿದ ದೋಷ ಆಗಿರಬೇಕೆಂದಿಲ್ಲ. ನಮ್ಮ ಕರಾವಳಿಯ ತೇವದಲ್ಲಿ ಹಳೆಯ ಲೆನ್ಸ್ ಯಾವುದನ್ನು ಬೆಳಕಿಗೆ ಹಿಡಿದರೂ ಏನಾದರೊಂದು ಕಾಣುತ್ತದೆ. ಅದನ್ನೇ ಹಿಡಿದುಕೊಂಡು ದುಡ್ಡು ಸುರಿದವರನ್ನು ನಾನು ಬಲ್ಲೆ. ಹೊಸ ಲೆನ್ಸ್ ಬಂದ ಮೇಲೂ ಅವರ ಮಿಂಚುಳ್ಳಿ ಮಸುಕಾಗಿಯೇ ಉಳಿದಿತ್ತು. ಆದ್ದರಿಂದ ಲೆನ್ಸ್ ನೋಡುವ ಮೊದಲು ಚಿತ್ರಗಳನ್ನು ನೋಡಬೇಕು.

ಮೊದಲು ಚಿತ್ರಗಳನ್ನು ಬೇರೆಬೇರೆ ರಾಶಿ ಮಾಡಿ

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲ ಚಿತ್ರವೂ ಚೆನ್ನಾಗಿಯೇ ಕಾಣುತ್ತದೆ. ಕಂಪ್ಯೂಟರಿನಲ್ಲಿ ತೆರೆದು, ಶೇ. 100ರಷ್ಟು ದೊಡ್ಡದು ಮಾಡಿ ನೋಡಿ. "ಮಸುಕು" ಎಂಬ ಒಂದೇ ಮಾತಿನೊಳಗೆ ಎಷ್ಟು ಬಗೆ ಅಡಗಿವೆ ಎಂಬುದು ಆಗ ತಿಳಿಯುತ್ತದೆ.

ಹುಲ್ಲಿನ ಎಸಳು, ಕೊಂಬೆ, ಹಕ್ಕಿಯ ಕೊಕ್ಕು, ಹೊಳೆಯುವ ಚುಕ್ಕಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಅದು ಕೈಯ ಅಲುಗಾಟ. ಹಿನ್ನೆಲೆಯ ಕಲ್ಲು ಶಾರ್ಪ್ ಆಗಿದ್ದು ಹೂ ಮಾತ್ರ ಕದಡಿದ್ದರೆ ಹೂವನ್ನು ಗಾಳಿ ಅಲ್ಲಾಡಿಸಿದೆ. ಹೂ ಮಸುಕು, ಅದರ ಹಿಂದಿನದೋ ಮುಂದಿನದೋ ಒಂದು ಹುಲ್ಲು ಕತ್ತರಿಸಿಟ್ಟಂತೆ ಸ್ಪಷ್ಟವಾಗಿದ್ದರೆ ಫೋಕಸ್ ಅಲ್ಲಿ ಹೋಗಿ ಕೂತಿದೆ. ಅಂಚುಗಳು ಇದ್ದೂ ಕಪ್ಪು ಕಪ್ಪಾಗಿಲ್ಲ, ಇಡೀ ಚಿತ್ರದ ಮೇಲೆ ನೀರುಮಜ್ಜಿಗೆ ಎರಚಿದಂತಿದೆ ಎಂದಾದರೆ ಗಾಜನ್ನೋ ಗಾಳಿಯನ್ನೋ ಸಂಶಯಿಸಬೇಕು. ಪ್ರತಿ ಚಿತ್ರದಲ್ಲೂ ಎಡಬದಿ ಮಾತ್ರ, ಅಥವಾ ಬಲಬದಿ ಮಾತ್ರ ಮೆದುವಾಗಿದ್ದರೆ ಲೆನ್ಸ್ ಎಲ್ಲೋ ಬಿದ್ದಿರಬೇಕು; ಒಳಗಿನ ಒಂದು ಗಾಜು ಓರೆಯಾಗಿದೆ. ಅದನ್ನು ಮನೆಯಲ್ಲಿ ಸರಿಮಾಡಲು ಆಗದು.

ಪ್ರತಿ ಚಿತ್ರದ ಜೊತೆ ಕ್ಯಾಮೆರಾ ದಾಖಲಿಸಿರುವ ಮಾಹಿತಿಯನ್ನೂ ತೆರೆಯಿರಿ. ಯಾವ ಲೆನ್ಸ್, ಎಷ್ಟು ಮಿ.ಮೀ., ಷಟರ್ ವೇಗ (ಬೆಳಕಿಗೆ ಕ್ಯಾಮೆರಾ ತೆರೆದಿದ್ದ ಹೊತ್ತು) ಎಷ್ಟು, ಗಂಟೆ ಎಷ್ಟು. ಗಂಟೆಯನ್ನು ಯಾರೂ ನೋಡುವುದಿಲ್ಲ. ನಮ್ಮ ಹುಡುಗನ ಪ್ರಕರಣದಲ್ಲಿ ಅರ್ಧ ಗುಟ್ಟು ಬಿಟ್ಟುಕೊಟ್ಟದ್ದು ಅದೇ.

ಮೂರು ವಾರದ ಚಿತ್ರಗಳನ್ನು ನಾವಿಬ್ಬರೂ ಕೂತು ಬೇರ್ಪಡಿಸಿದೆವು. ನಾಲ್ಕು ರಾಶಿ ಆಯಿತು. ಮಣ್ಣಪಳ್ಳದ ಕೆರೆಯಲ್ಲಿ 70–300ರಿಂದ ತೆಗೆದ ಹಕ್ಕಿಗಳು: ಎಲ್ಲವೂ ಮೆದು, ಅಂಚುಗಳಿಗೆ ನೆರಳಿನಂಥ ಇನ್ನೊಂದು ಅಂಚು. ಪದವಿನ ಸಣ್ಣ ಹೂಗಳು, 18–55 ಲೆನ್ಸಿಗೆ ಎಕ್ಸ್‌ಟೆನ್ಷನ್ ಟ್ಯೂಬ್ (ಹತ್ತಿರದಿಂದ ತೆಗೆಯಲು ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಟೊಳ್ಳು ಕೊಳವೆ) ಸಿಕ್ಕಿಸಿ ತೆಗೆದವು: ಹತ್ತರಲ್ಲಿ ಎಂಟು ಹಾಳು, ಎರಡು ಚಂದ. ಆಗುಂಬೆ ಘಾಟಿಯ ನೋಟ: ಹತ್ತಿರದ ಮರ ಸ್ಪಷ್ಟ, ಬೆಟ್ಟ ಬಿಳಿಚಿಕೊಂಡಿದೆ. ನಾಲ್ಕನೆಯದು ಪ್ರತಿದಿನ ಬೆಳಗಿನ ಮೊದಲ ಆರೇಳು ಚಿತ್ರಗಳು. ಯಾವ ಲೆನ್ಸೇ ಇರಲಿ, ನಡುವೆ ದುಂಡಗಿನ ಬಿಳಿ ಮಬ್ಬು. ಕಾಲು ಗಂಟೆ, ಇಪ್ಪತ್ತು ನಿಮಿಷ ಕಳೆದರೆ ಮಾಯ.

ನಾಲ್ಕು ರಾಶಿ, ನಾಲ್ಕು ಕಾರಣ. ಒಂದೇ ಫಂಗಸ್ ಇಷ್ಟು ಬಗೆಯ ಮಸುಕು ಕೊಡುವುದಿಲ್ಲ. ಎರಡು ಲೆನ್ಸಿನಲ್ಲೂ ಒಂದೇ ತೊಂದರೆ ಕಂಡರೆ ಕಾರಣ ಲೆನ್ಸಿನ ಹೊರಗಿದೆ ಎಂಬುದನ್ನು ಮೊದಲೇ ತೀರ್ಮಾನಿಸಿಬಿಡಬಹುದು.

ಗೋಡೆ, ದಿನಪತ್ರಿಕೆ, ಮೂರು ಚಿತ್ರ

ಲೆನ್ಸಿನ ಮೇಲೇ ಸಂಶಯ ಇರುವಾಗ ಹಕ್ಕಿಯ ಬೆನ್ನು ಹತ್ತಿ ಪರೀಕ್ಷೆ ಮಾಡಬಾರದು. ಹಕ್ಕಿ ಅಲುಗಾಡುತ್ತದೆ, ಬೆಳಕು ಬದಲಾಗುತ್ತದೆ, ಕೈ ನಡುಗುತ್ತದೆ. ಗೋಡೆ ಅಲುಗಾಡುವುದಿಲ್ಲ.

ದಿನಪತ್ರಿಕೆಯ ಸಣ್ಣ ಜಾಹೀರಾತುಗಳ ಪುಟವನ್ನು ಗೋಡೆಗೆ ನಾಲ್ಕೂ ಮೂಲೆ ಅಂಟಿಸಿ. ಹಗಲು ಬೆಳಕು ಚೆನ್ನಾಗಿ ಬೀಳುವ ಗೋಡೆ ಬೇಕು. ಟ್ರೈಪಾಡ್ ಇಲ್ಲದಿದ್ದರೆ ಗಟ್ಟಿ ಮೇಜು, ಅದರ ಮೇಲೆ ಅಕ್ಕಿ ತುಂಬಿದ ಬಟ್ಟೆಚೀಲ, ಚೀಲದ ಮೇಲೆ ಕ್ಯಾಮೆರಾ. ಕ್ಯಾಮೆರಾ ಗೋಡೆಗೆ ನೇರವಾಗಿರಲಿ. 300 ಮಿ.ಮೀ.ಗೆ ಝೂಮ್ ಮಾಡಿ, ಮೂರು ನಾಲ್ಕು ಮೀಟರ್ ದೂರದಲ್ಲಿಡಿ. ಎಫ್/8 (ಬೆಳಕು ಒಳಬಿಡುವ ಕಿಂಡಿಯ, ಅಂದರೆ ಅಪರ್ಚರಿನ ಅಳತೆ; ಅಂಕೆ ಹೆಚ್ಚಿದಷ್ಟೂ ಕಿಂಡಿ ಕಿರಿದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200. ಅಲುಗಾಟ ತಡೆಯುವ ಸ್ವಿಚ್ಚನ್ನು ಆಫ್ ಮಾಡಿ, ಏಕೆಂದರೆ ಕ್ಯಾಮೆರಾ ಅಲುಗಾಡದೆ ಕೂತಿರುವಾಗ ಹಳೆಯ ಲೆನ್ಸ್‌ಗಳಲ್ಲಿ ಅದೇ ಸಣ್ಣ ನಡುಕ ಹುಟ್ಟಿಸುವುದುಂಟು. ಬಟನ್ ಒತ್ತಿದ ಕಂಪನ ತಟ್ಟದಂತೆ ಹತ್ತು ಸೆಕೆಂಡಿನ ಟೈಮರ್ ಹಾಕಿ.

ಮೊದಲನೆಯ ಚಿತ್ರ, ಲೆನ್ಸ್ ಈಗ ಹೇಗಿದೆಯೋ ಹಾಗೆ, ಮುಂದಿನ ಫಿಲ್ಟರ್ ಸಮೇತ, ಪರದೆಯಲ್ಲಿ ನೋಡಿ ಫೋಕಸ್ ಮಾಡಿ ತೆಗೆಯಿರಿ. ಎರಡನೆಯದು ಫಿಲ್ಟರ್ ಬಿಚ್ಚಿ, ಹೊಸದಾಗಿ ಫೋಕಸ್ ಮಾಡಿ. ಮೂರನೆಯದು ಫಿಲ್ಟರ್ ಇಲ್ಲದೆ, ಈ ಸಲ ಪರದೆ ಬಿಟ್ಟು ಕಣ್ಣಿಟ್ಟು ನೋಡುವ ಕಿಂಡಿಯ ಮೂಲಕ ಆಟೋಫೋಕಸ್ ಮಾಡಿ. ಅಷ್ಟೇ.

ಮೊದಲನೆಯದು ಕೆಟ್ಟು ಎರಡನೆಯದು ಚೆನ್ನಾಗಿ ಬಂದರೆ ಫಿಲ್ಟರ್ ಕಳ್ಳ. ಎರಡನೆಯದು ಚೆನ್ನಾಗಿದ್ದು ಮೂರನೆಯದು ಮಾತ್ರ ಕೆಟ್ಟರೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾದ ಫೋಕಸ್ ಅಳತೆ ಕೊಂಚ ಹಿಂದೆಯೋ ಮುಂದೆಯೋ ಸರಿದಿದೆ; ಕೆಲವು ಕ್ಯಾಮೆರಾಗಳ ಮೆನುವಿನಲ್ಲೇ ಅದನ್ನು ತಿದ್ದುವ ಅವಕಾಶ ಇರುತ್ತದೆ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಚಿತ್ರ ಮೂಡುವ ಸೆನ್ಸರ್ ಮೇಲೆಯೇ ಫೋಕಸ್ ಅಳೆಯುವುದರಿಂದ ಅದಕ್ಕೆ ಈ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ಮೂರೂ ಕೆಟ್ಟರೆ ಮಾತ್ರ ಲೆನ್ಸಿನ ಒಳಗಿನ ಮಾತು. ಮೂರೂ ಚೆನ್ನಾಗಿದ್ದರೆ ದೋಷ ಉಪಕರಣದಲ್ಲಿಲ್ಲ, ಅದನ್ನು ಬಳಸಿದ ಜಾಗದಲ್ಲಿ, ಬಳಸಿದ ಬಗೆಯಲ್ಲಿದೆ.

ನಮ್ಮ ಹುಡುಗನ ಮೊದಲ ಚಿತ್ರದಲ್ಲಿ ಪ್ರತಿ ಅಕ್ಷರದ ಬಲಕ್ಕೂ ಅದರದೇ ತೆಳು ನೆರಳು ಇತ್ತು. "ಮಾರಾಟಕ್ಕಿದೆ" ಎಂಬುದರ ಒತ್ತಕ್ಷರ ಓದಲು ಬಾರದಷ್ಟು ಕಲಸಿಹೋಗಿತ್ತು. ಫಿಲ್ಟರ್ ಬಿಚ್ಚಿ ತೆಗೆದದ್ದರಲ್ಲಿ ಒತ್ತಕ್ಷರ ಮಾತ್ರವಲ್ಲ, ಕಾಗದದ ನಾರು ಕೂಡ ಕಾಣುತ್ತಿತ್ತು. ಅವನು ಎರಡು ಸಲ ಹಿಂದೆ ಮುಂದೆ ತಿರುಗಿಸಿ ನೋಡಿದ. ಅದೇ ಲೆನ್ಸ್, ಅದೇ ಫಂಗಸ್.

ಆ ಫಿಲ್ಟರ್ ಲೆನ್ಸ್ ಕೊಂಡಾಗ "ಗಾಜಿಗೆ ರಕ್ಷಣೆ" ಎಂದು ಜೊತೆಗೆ ಬಂದದ್ದು. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ವಾಪಸ್ ಎಸೆಯುತ್ತದೆ. ಫಿಲ್ಟರಿಗೆ ಎರಡು ಮೈ. ಹಾಗೆ ಎಸೆದ ಬೆಳಕು ಫಿಲ್ಟರಿಗೂ ಲೆನ್ಸಿಗೂ ನಡುವೆ ಓಡಾಡಿ ಚಿತ್ರದ ಕಪ್ಪನ್ನು ತೊಳೆದುಹಾಕುತ್ತದೆ. ಗಾಜು ಪೂರ್ತಿ ಸಪಾಟಾಗಿರದಿದ್ದರೆ ಇನ್ನೂ ಕಷ್ಟ: 18 ಮಿ.ಮೀ.ನಲ್ಲಿ ಗೊತ್ತೇ ಆಗದ ಏರುತಗ್ಗು 300 ಮಿ.ಮೀ.ನಲ್ಲಿ ಹಿಗ್ಗಿ ಎದ್ದು ಕಾಣುತ್ತದೆ. ಮಲ್ಪೆಯ ತೀರದಲ್ಲಿ ಉಪ್ಪಿನ ಹನಿ ಹಾರುವಾಗ ಒಳ್ಳೆಯ ಲೇಪನದ ಫಿಲ್ಟರ್ ಹಾಕಿಕೊಳ್ಳಿ, ಬೇಡವೆನ್ನುವುದಿಲ್ಲ. ಕೆರೆದಂಡೆಯಲ್ಲಿ ಹಕ್ಕಿ ತೆಗೆಯುವಾಗ ಲೆನ್ಸಿನ ಹುಡ್ (ಮುಂದೆ ಸಿಕ್ಕಿಸುವ ನೆರಳಿನ ಕೊಳವೆ) ಒಂದು ಸಾಕು.

ಬೆಳಗಿನ ಬಿಳಿ ಮಬ್ಬು

ನಾಲ್ಕನೆಯ ರಾಶಿಗೆ ಬರೋಣ. ಬೆಳಗಿನ ಮೊದಲ ಚಿತ್ರಗಳು ಮಾತ್ರ ಕೆಡುತ್ತಿದ್ದರೆ ಹಿಂದಿನ ರಾತ್ರಿ ಕ್ಯಾಮೆರಾ ಎಲ್ಲಿತ್ತು, ಅಲ್ಲಿಗೆ ಹೇಗೆ ಬಂತು ಎಂದು ಕೇಳಿಕೊಳ್ಳಿ. ಅವನು ಎಸಿ ಹಾಕಿದ ಕೋಣೆಯಿಂದ ಎಸಿ ಹಾಕಿದ ಕಾರಿಗೆ, ಕಾರಿನಿಂದ ನೇರ ಕೆರೆದಂಡೆಗೆ ಇಳಿಯುತ್ತಿದ್ದ.

ಲೆಕ್ಕ ಸರಳ. ಮಳೆಗಾಲದ ಬೆಳಗ್ಗೆ ಹೊರಗೆ 28 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವಾಂಶ ಶೇ. 90 ಇದೆ ಎಂದುಕೊಳ್ಳಿ. ಅಂಥ ಗಾಳಿ ಸುಮಾರು 26 ಡಿಗ್ರಿಗಿಂತ ತಣ್ಣಗಿನ ಯಾವುದನ್ನು ಮುಟ್ಟಿದರೂ ನೀರಾಗಿ ಕೂರುತ್ತದೆ. ಎಸಿ 22ರಲ್ಲಿದ್ದರೆ ಗಾಜೂ 22. ಮುಚ್ಚಳ ತೆಗೆದ ಕ್ಷಣ ತಣ್ಣೀರಿನ ಲೋಟ ಬೆವರುವಂತೆ ಲೆನ್ಸ್ ಬೆವರುತ್ತದೆ. ಒರೆಸಿದರೆ ಮತ್ತೆ ಬರುತ್ತದೆ, ಮತ್ತೆ ಒರೆಸುತ್ತೀರಿ, ಒರೆಸುವ ಬಟ್ಟೆಯ ದೂಳಿನಿಂದ ಲೇಪನ ಗೀರಾಗುತ್ತದೆ. ಒರೆಸಬೇಡಿ. ಗಾಜು ಬೆಚ್ಚಗಾದರೆ ಅದು ತಾನಾಗಿ ಹೋಗುತ್ತದೆ.

ತಡೆಯುವುದು ಸುಲಭ. ಕಾರಿನಲ್ಲಿ ಹೊರಟ ಮೇಲೆ ಕೊನೆಯ ಅರ್ಧ ಗಂಟೆ ಎಸಿ ಆರಿಸಿ ಕಿಟಕಿ ಇಳಿಸಿ, ಮಳೆ ಜೋರಿದ್ದರೆ ಕನಿಷ್ಠ ಎಸಿಯನ್ನು 27ಕ್ಕೆ ಏರಿಸಿ. ಕೋಣೆಯಿಂದಲೇ ಹೊರಡುವುದಾದರೆ ಹೊರಡುವ ಮೊದಲು ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಳಿ ಹಿಂಡಿ ಮುಚ್ಚಿ. ಹೊರಗೆ ಬಂದಾಗ ಬೆವರುವುದು ಚೀಲದ ಹೊರಮೈ. ಒಳಗಿನ ಗಾಜು ಒಣಗಿರುತ್ತದೆ. ಮುಕ್ಕಾಲು ಗಂಟೆ ಬಿಟ್ಟು ತೆರೆಯಿರಿ. ನಾನು ಹಕ್ಕಿಗೆ ಹೋಗುವ ಹಿಂದಿನ ರಾತ್ರಿ ಕ್ಯಾಮೆರಾವನ್ನು ಎಸಿ ಇಲ್ಲದ ನಡುಮನೆಯಲ್ಲಿ ಇಟ್ಟುಬಿಡುತ್ತೇನೆ. ಅದಕ್ಕಿಂತ ಸುಲಭದ ಉಪಾಯ ಇಲ್ಲ.

ಮಬ್ಬು ಮುಂದಿನ ಗಾಜಿನ ಮೇಲಲ್ಲ, ಒಳಗೇ ಕಾಣುತ್ತಿದ್ದರೆ ಆ ದಿನದ ಮಟ್ಟಿಗೆ ಚಿತ್ರ ತೆಗೆಯುವುದನ್ನು ನಿಲ್ಲಿಸಿ. ಬ್ಯಾಟರಿ ತೆಗೆಯಿರಿ. ಅಲ್ಲೇ ಲೆನ್ಸ್ ಬಿಚ್ಚಿ ನೋಡಬೇಡಿ, ಸೆನ್ಸರಿಗೂ ತೇವ ಹೋಗುತ್ತದೆ. ಮನೆಗೆ ಬಂದು ಸಿಲಿಕಾ ಜೆಲ್ ಇರುವ ಬಿಗಿ ಡಬ್ಬದಲ್ಲಿ ಒಂದೆರಡು ದಿನ ಇಡಿ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಬೇಡವೇ ಬೇಡ. ಒಳಗಿನ ಗ್ರೀಸ್ ಕರಗಿ ಅಪರ್ಚರಿನ ಎಸಳುಗಳಿಗೆ ಹರಿಯಬಹುದು. ಅಕ್ಕಿಯಲ್ಲಿ ಹೂಳುವುದೂ ಬೇಡ. ಅಕ್ಕಿ ಹೀರುವುದು ಕಡಿಮೆ, ಅದರ ಹಿಟ್ಟು ಸಂದಿಗೊಂದಿಗೆ ಸೇರುವುದು ಹೆಚ್ಚು.

ಮಳೆಯಲ್ಲಿ ಇನ್ನೊಂದನ್ನು ಗಮನಿಸಿ. ಝೂಮ್ ಮಾಡಿದಾಗ ಉದ್ದವಾಗುವ ಲೆನ್ಸ್‌ಗಳು ಗಾಳಿಯನ್ನು ಒಳಗೆ ಹೊರಗೆ ಎಳೆದುಕೊಳ್ಳುತ್ತವೆ. ಹೊರಗೆ ಚಾಚಿದ ಕೊಳವೆಯ ಮೇಲೆ ಹನಿ ಕೂತಿರುವಾಗ ಹಾಗೆಯೇ ಒಳಗೆ ಮಡಿಸಿದರೆ ಆ ಹನಿಯೂ ಒಳಗೆ. ಮಡಿಸುವ ಮೊದಲು ಒಣ ಹತ್ತಿಬಟ್ಟೆಯಿಂದ ಕೊಳವೆಯ ಸುತ್ತ ಒರೆಸಿ. ಐದು ಸೆಕೆಂಡಿನ ಕೆಲಸ. ನನ್ನ ಅನುಭವದಲ್ಲಿ ಫಂಗಸ್ ಬಂದ ಝೂಮ್‌ಗಳಲ್ಲಿ ಹೆಚ್ಚಿನವು ಈ ಐದು ಸೆಕೆಂಡ್ ಸಿಗದೆ ಹೋದವು.

ಪದವಿನ ಹೂ: ಮಿಲಿಮೀಟರಿನ ಲೆಕ್ಕ

ಮುರಕಲ್ಲಿನ ಪದವು ಬೇಸಿಗೆಯಲ್ಲಿ ಬಾಣಲೆಯಂತೆ ಕಾದು ಕೂತಿರುತ್ತದೆ. ಮಳೆ ಬಿದ್ದು ಕಲ್ಲಿನ ಗುಳಿಗಳಲ್ಲಿ ನೀರು ನಿಂತಿತೆಂದರೆ ಅಲ್ಲೊಂದು ಬೇರೆಯೇ ಲೋಕ ಏಳುತ್ತದೆ. ಉಗುರಿನಷ್ಟೂ ಇಲ್ಲದ ನೇರಳೆನೀಲಿ ಯುಟ್ರಿಕ್ಯುಲೇರಿಯಾ, ಗುಂಡುಸೂಜಿಯ ತಲೆಯಂಥ ಬಿಳಿ ಎರಿಯೊಕಾಲಾನ್, ಎಲೆಯ ಕೂದಲ ತುದಿಯಲ್ಲಿ ಅಂಟುಹನಿ ಹೊತ್ತು ಸೊಳ್ಳೆಗೆ ಕಾಯುವ ಡ್ರೊಸೆರಾ. ಇವುಗಳ ಚಿತ್ರ ಕೆಟ್ಟರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪದವುಗಳು ಕಲ್ಲುಕೋರೆ, ಸೈಟುಗಳಾಗುತ್ತಿರುವ ಹೊತ್ತಿನಲ್ಲಿ ಒಂದು ಒಳ್ಳೆಯ ಚಿತ್ರ ಆ ಜಾಗದ ದಾಖಲೆಯೂ ಹೌದು.

ಹತ್ತಿರದ ಚಿತ್ರದಲ್ಲಿ ಕೆಡುವುದು ಮುಖ್ಯವಾಗಿ ಮೂರು ಕಾರಣಕ್ಕೆ, ಮೂರನ್ನೂ ಒಂದರಿಂದೊಂದು ಬೇರ್ಪಡಿಸಬಹುದು.

ಹೂ ಸೆನ್ಸರಿನ ಮೇಲೆ ತನ್ನ ನಿಜಗಾತ್ರದಲ್ಲೇ ಬೀಳುವಷ್ಟು ಹತ್ತಿರ ಹೋದಾಗ, ಎಫ್/11 ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಒಂದು ಮಿಲಿಮೀಟರಿಗೂ ಕಡಿಮೆ. ಕುಕ್ಕರಗಾಲಿನಲ್ಲಿ ಕೂತು ಉಸಿರಾಡಿದರೆ ಮೈ ಅದಕ್ಕಿಂತ ಹೆಚ್ಚು ಹಿಂದೆ ಮುಂದೆ ತೂಗುತ್ತದೆ. ಹಾಗಾಗಿ ಫೋಕಸ್ ಬೀಪ್ ಕೊಟ್ಟದ್ದಕ್ಕೂ ಷಟರ್ ಬಿದ್ದದ್ದಕ್ಕೂ ನಡುವೆ ಹೂ ಆಚೆ ಸರಿದುಹೋಗಿರುತ್ತದೆ. ಗುರುತು: ಚಿತ್ರದಲ್ಲಿ ಎಲ್ಲೋ ಒಂದು ಕೂದಲು, ಒಂದು ಮರಳಿನ ಕಾಳು ಶಾರ್ಪ್ ಆಗಿಯೇ ಇರುತ್ತದೆ. ಪರಿಹಾರ ಕ್ಯಾಮೆರಾವನ್ನು ನೆಲಕ್ಕೆ ಆನಿಸುವುದು. ಅಕ್ಕಿಯ ಬಟ್ಟೆಚೀಲ ಇಲ್ಲೂ ಬೇಕು, ಹೊರಗೆ ಪ್ಲಾಸ್ಟಿಕ್ ಸುತ್ತಿಕೊಳ್ಳಿ. ಆಟೋಫೋಕಸ್ ಆಫ್ ಮಾಡಿ, ಒಂದು ದೂರಕ್ಕೆ ಲೆನ್ಸ್ ನಿಲ್ಲಿಸಿ, ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಮುಂದೆ ತಳ್ಳುತ್ತ ಸಾಲಾಗಿ ಎಂಟು ಹತ್ತು ತೆಗೆಯಿರಿ. ಹೂವಿನ ಮುಖಕ್ಕೆ ಕ್ಯಾಮೆರಾದ ಹಿಂಬದಿ ಸಮಾನಾಂತರವಾಗಿದ್ದರೆ ಆ ಕಿರಿದಾದ ಆಳದೊಳಗೇ ಹೆಚ್ಚು ಎಸಳು ಸೇರುತ್ತವೆ.

ಎಲ್ಲೂ ಯಾವುದೂ ಶಾರ್ಪ್ ಇಲ್ಲ, ಅಂಚುಗಳು ಜೋಡಿಯಾಗಿವೆ ಎಂದರೆ ಅಲುಗಾಟ. ಹತ್ತಿರ ಹೋದಷ್ಟೂ ಹೂವಿನ ಜೊತೆ ಕೈಯ ನಡುಕವೂ ದೊಡ್ಡದಾಗುತ್ತದೆ. ಗಾಳಿಯದ್ದೂ ಅದೇ ಕಥೆ. ಮುಂಗಾರಿನಲ್ಲಿ ಕಡಲ ಕಡೆಯಿಂದ ಬರುವ ಗಾಳಿ ಪದವಿನ ಮೇಲೆ ಬಿಡುವು ಕೊಡುವುದಿಲ್ಲ. ನಾನು ಕೊಡೆಯನ್ನು ಬಿಡಿಸಿ ಪಶ್ಚಿಮಕ್ಕೆ ಅಡ್ಡವಾಗಿ ನೆಲದ ಮೇಲೆ ಇಡುತ್ತೇನೆ. ಮಳೆಗೆ ಹಿಡಿಯುವುದಕ್ಕಿಂತ ನನ್ನ ಕೊಡೆ ಗಾಳಿಗೆ ಹಿಡಿದದ್ದೇ ಹೆಚ್ಚು. ಬಿಳಿ ಅಥವಾ ತಿಳಿ ಬಣ್ಣದ್ದಾದರೆ ಹೂವಿಗೆ ಮೆತ್ತಗಿನ ಬೆಳಕೂ ಸಿಗುತ್ತದೆ. ಜೊತೆಗೆ ಷಟರ್ 1/500ಕ್ಕೆ ಏರಿಸಿ, ಐಎಸ್‌ಒ 800 ಆದರೂ ಚಿಂತೆಯಿಲ್ಲ. ಸ್ವಲ್ಪ ಕಾಳುಕಾಳಾದ ಚಿತ್ರವನ್ನು ಆಮೇಲೆ ನಯ ಮಾಡಬಹುದು, ಅಲುಗಿದ್ದನ್ನು ಯಾರೂ ಕೂಡಿಸಲಾರರು.

ಮೂರನೆಯದು ತಿಳಿದವರೂ ಬೀಳುವ ಗುಂಡಿ. ಆಳ ಸಾಲದು ಎಂದು ಅಪರ್ಚರನ್ನು ಎಫ್/22ರವರೆಗೆ ಕಿರಿದು ಮಾಡುತ್ತಾರೆ. ಆಗ ಇಡೀ ಚಿತ್ರ ಒಂದೇ ಸಮನೆ ಮೆದುವಾಗುತ್ತದೆ, ಅಲುಗಾಟದ ಗುರುತೂ ಇಲ್ಲ, ಫೋಕಸ್ ತಪ್ಪಿದ ಗುರುತೂ ಇಲ್ಲ. ಕಿರಿದಾದ ಕಿಂಡಿಯಲ್ಲಿ ನುಸುಳುವ ಬೆಳಕು ಹರಡಿಕೊಳ್ಳುವುದರಿಂದ ಹೀಗಾಗುತ್ತದೆ. ನಿಜಗಾತ್ರದ ಚಿತ್ರದಲ್ಲಿ ಕಿಂಡಿ ಬರೆದದ್ದಕ್ಕಿಂತ ಎರಡು ಪಟ್ಟು ಕಿರಿದಾದಂತೆ ವರ್ತಿಸುತ್ತದೆ: ಎಫ್/11 ಇಟ್ಟರೆ ಎಫ್/22ರ ಫಲ, ಎಫ್/22 ಇಟ್ಟರೆ ಎಫ್/44ರ ಫಲ. ಎಫ್/8ರಿಂದ 11ರೊಳಗೆ ನಿಲ್ಲಿಸಿ.

ಪದವಿನಲ್ಲಿ ಮೊಣಕಾಲೂರುವ ಮೊದಲು ನೆಲ ನೋಡಿಕೊಳ್ಳಿ. ಒಂದು ಹೂವಿನ ಚಿತ್ರಕ್ಕಾಗಿ ಇಪ್ಪತ್ತು ಗಿಡ ಅರೆಯುವುದು ಯಾರಿಗೂ ತಿಳಿಯದೆ ಆಗಿಬಿಡುತ್ತದೆ. ಅಡ್ಡ ಬರುವ ಹುಲ್ಲನ್ನು ಕೀಳಬೇಡಿ, ಕಡ್ಡಿಯಿಂದ ಬದಿಗೆ ಒತ್ತಿ ಹಿಡಿದು ಬಿಟ್ಟುಬಿಡಿ.

ಹಕ್ಕಿ ಮತ್ತು ಬೆಟ್ಟ

ಫಿಲ್ಟರ್ ತೆಗೆದ ಮೇಲೂ ಮಣ್ಣಪಳ್ಳದ ಮಿಂಚುಳ್ಳಿಗಳಲ್ಲಿ ಕೆಲವು ಕೆಟ್ಟೇ ಬಂದವು. ಮಾಹಿತಿ ತೆರೆದು ನೋಡಿದರೆ 300 ಮಿ.ಮೀ.ನಲ್ಲಿ 1/160 ಸೆಕೆಂಡ್. ಕೈಯಲ್ಲಿ ಹಿಡಿದು ತೆಗೆಯುವಾಗ ಷಟರ್ ವೇಗದ ಕೆಳಗಿನ ಅಂಕೆ ಲೆನ್ಸಿನ ಮಿ.ಮೀ.ಗಿಂತ ಕಡಿಮೆ ಇರಬಾರದು ಎಂಬುದು ಹಳೆಯ ಸೂತ್ರ. ಸೆನ್ಸರ್ ಚಿಕ್ಕದಿರುವ ಸಾಮಾನ್ಯ ಕ್ಯಾಮೆರಾಗಳಲ್ಲಿ ಅದನ್ನು ಒಂದೂವರೆಯಿಂದ ಗುಣಿಸಬೇಕು, ಅಂದರೆ 1/450; ಹತ್ತಿರದ ಅಂಕೆ 1/500. ಲೆನ್ಸಿನ ಅಲುಗಾಟ ತಡೆ ನಿಮ್ಮ ಕೈಯನ್ನು ಹಿಡಿಯುತ್ತದೆಯೇ ಹೊರತು ಹಕ್ಕಿಯ ಕತ್ತನ್ನಲ್ಲ. ಹಾರುವ ಗರುಡನಿಗೆ 1/2000 ಇಡಿ. ಅಷ್ಟು ಬೆಳಕಿಲ್ಲದ ಮೋಡದ ದಿನ ಕೂತ ಹಕ್ಕಿಗೆ ತೃಪ್ತಿಪಡಿ.

ಲೆನ್ಸ್ ಹತ್ತಿರದ ಹಕ್ಕಿಗೆ ಫೋಕಸ್ ಆಗದೆ ಗರಗರ ತಿರುಗುತ್ತಿದ್ದರೆ ಪಕ್ಕದ ಸಣ್ಣ ಸ್ವಿಚ್ ನೋಡಿ. ಕೆಲವು ಉದ್ದ ಲೆನ್ಸ್‌ಗಳಲ್ಲಿ ಫೋಕಸಿನ ದೂರವನ್ನು ಮಿತಿಗೊಳಿಸುವ ಸ್ವಿಚ್ ಇರುತ್ತದೆ, ಚೀಲದಲ್ಲಿ ಉಜ್ಜಿ ಅದು ಸರಿದಿರುತ್ತದೆ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಮಸುಕಾಗಿ ಕಂಡದ್ದು ಚಿತ್ರದಲ್ಲಿ ಚೆನ್ನಾಗಿ ಬರುತ್ತಿದ್ದರೆ ಕಿಂಡಿಯ ಪಕ್ಕದ ಚಕ್ರ ನಿಮ್ಮ ಕಣ್ಣಿಗೆ ಹೊಂದಿಲ್ಲ, ತಿರುಗಿಸಿಕೊಳ್ಳಿ. ಮಧ್ಯಾಹ್ನ ಮಲ್ಪೆಯ ಮರಳಿನ ಮೇಲಿನಿಂದ ದೂರದ ಕಡಲಹಕ್ಕಿ ತೆಗೆದು ಎಲ್ಲವೂ ನೀರಿನೊಳಗಿದ್ದಂತೆ ನಡುಗಿ ಬಂದರೆ ಅದು ಕಾದ ಗಾಳಿಯ ಕೆಲಸ. ಯಾವ ಲೆನ್ಸೂ ಅದನ್ನು ಗೆಲ್ಲುವುದಿಲ್ಲ. ಬೆಳಗ್ಗೆ ಹೋಗಿ, ಅಥವಾ ಹಕ್ಕಿ ತಾನಾಗಿ ಹತ್ತಿರ ಬರುವವರೆಗೆ ಕಾಯಿರಿ. ಗೂಡಿನ ಹತ್ತಿರಕ್ಕೆ ಮಾತ್ರ ಯಾವ ಚಿತ್ರಕ್ಕಾಗಿಯೂ ಹೋಗಬೇಡಿ.

ಆಗುಂಬೆಯ ರಾಶಿಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದೇ ಚಿತ್ರದಲ್ಲಿ ಹತ್ತಿರದ ಮರ ಸ್ಪಷ್ಟವಾಗಿ, ಕಪ್ಪು ಕಪ್ಪಾಗಿ ಇದ್ದು ದೂರದ ಬೆಟ್ಟ ಮಾತ್ರ ಬಿಳಿಚಿದ್ದರೆ ಲೆನ್ಸ್ ನಿರಪರಾಧಿ. ಅದು ಮಂಜು, ಮೋಡ, ಗಾಳಿಯ ತೇವ. ಬೇಸಿಗೆಯ ತೆಳು ಮಬ್ಬಿಗೆ ಪೋಲರೈಸರ್ ಫಿಲ್ಟರ್ ಸ್ವಲ್ಪ ನೆರವಾಗುತ್ತದೆ, ಅದೂ ಸೂರ್ಯ ನಿಮ್ಮ ಎಡಕ್ಕೋ ಬಲಕ್ಕೋ ಇರುವಾಗ. ಮುಂಗಾರಿನ ಮೋಡಕ್ಕೆ ಏನೂ ನಡೆಯದು. ಆ ಬಿಳಿಯನ್ನೇ ಚಿತ್ರವಾಗಿಸಿ: ಕ್ಯಾಮೆರಾ ಮಂಜನ್ನು ಬೂದುಬಣ್ಣ ಮಾಡಿಬಿಡುತ್ತದೆ, ಎಕ್ಸ್‌ಪೋಷರನ್ನು ಮುಕ್ಕಾಲಿನಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಏರಿಸಿದರೆ ಬಿಳಿ ಬಿಳಿಯಾಗಿ ಬರುತ್ತದೆ.

ಆಕಾಶದಲ್ಲಿ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಮಸುಕು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ದೂಳು. ಎಫ್/16 ಇಟ್ಟು ಖಾಲಿ ಆಕಾಶ ತೆಗೆದರೆ ಎದ್ದು ಕಾಣುತ್ತದೆ. ಸೆನ್ಸರ್ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಚಿತ್ರದಲ್ಲಿ ಮೇಲಿರುವ ಚುಕ್ಕೆಯ ದೂಳು ಸೆನ್ಸರಿನ ಕೆಳಭಾಗದಲ್ಲಿರುತ್ತದೆ. ರಬ್ಬರ್ ಬ್ಲೋವರಿನಿಂದ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಊದಿ. ಬಾಯಿಂದ ಊದಬೇಡಿ. ಮೊಬೈಲಿನಲ್ಲಿ ತೆಗೆಯುವವರು ಎಲ್ಲಕ್ಕಿಂತ ಮೊದಲು ಲೆನ್ಸಿನ ಮೇಲಿನ ಬೆರಳಿನ ಜಿಡ್ಡನ್ನು ಒರೆಸಿ ನೋಡಿ, ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

ಕೊನೆಗೆ ಫಂಗಸ್

ಈಗ ಟಾರ್ಚ್ ತೆಗೆದುಕೊಳ್ಳಿ. ಕತ್ತಲ ಕೋಣೆ. ಎರಡೂ ಮುಚ್ಚಳ ತೆಗೆದ ಲೆನ್ಸನ್ನು ಒಂದು ಕೈಯಲ್ಲಿ ಹಿಡಿದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಅಪರ್ಚರ್ ಪೂರ್ತಿ ತೆರೆದಿರಬೇಕು. ಹಿಂಬದಿಯಲ್ಲಿ ಸಣ್ಣ ಸನ್ನೆಕಡ್ಡಿ ಇರುವ ಲೆನ್ಸ್‌ಗಳಲ್ಲಿ ಅದನ್ನು ಬೆರಳಿನಿಂದ ಸರಿಸಿ ಹಿಡಿಯಬೇಕು. ಬಿಡಿ ಚುಕ್ಕಿಗಳು ದೂಳು, ಅವು ಎಲ್ಲ ಲೆನ್ಸಿನಲ್ಲೂ ಇರುತ್ತವೆ. ಜೇಡರಬಲೆಯಂತೆ ಕವಲೊಡೆದ ಬಿಳಿ ಎಳೆ ಫಂಗಸ್. ಎಳೆಯಿಲ್ಲದೆ ಗಾಜಿನ ತುಂಬ ಹಾಲಿನ ಪೊರೆಯಂತಿದ್ದರೆ ಅದು ಆವಿಯಾದ ಗ್ರೀಸ್ ಅಥವಾ ತೇವ. ಚಿತ್ರದ ಕಪ್ಪನ್ನು ಹೆಚ್ಚು ಕೆಡಿಸುವುದು ಆ ಪೊರೆಯೇ.

ಇವನ ಲೆನ್ಸಿನ ಮುಂದಿನ ಗಾಜಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಉದ್ದದ ಒಂದು ಎಳೆ, ಅದಕ್ಕೆ ಎರಡು ಕವಲು. ಇಷ್ಟು ಸಣ್ಣದು ಚಿತ್ರದಲ್ಲಿ ತೋರುವುದಿಲ್ಲ. ಸೂರ್ಯನಿಗೆ ಎದುರಾಗಿ ತೆಗೆದಾಗ ಒಂದಿಷ್ಟು ಮಂಕು ಬರಬಹುದು, ಅಷ್ಟೇ. ಎಳೆಗಳು ಗಾಜಿನ ನಡುವಿಗೆ ಹಬ್ಬಿದ್ದರೆ, ಅಥವಾ ಹಿಂದಿನ ಗಾಜಿನಲ್ಲಿದ್ದರೆ ಬಿಚ್ಚಿ ತೊಳೆಸಲೇಬೇಕು, ಬೇಗ ತೊಳೆಸಬೇಕು. ಫಂಗಸ್ ಬಿಡುವ ಆಮ್ಲ ಲೇಪನವನ್ನು ತಿನ್ನುತ್ತದೆ. ತಿಂದ ಮೇಲೆ ಎಳೆ ಹೋದರೂ ಅದರ ಗುರುತು ಹೋಗುವುದಿಲ್ಲ. ಬಿಸಿಲಿಗೆ ಇಟ್ಟರೆ ಸಾಯುತ್ತದೆ ಎಂದು ಲೆನ್ಸನ್ನು ಕಿಟಕಿಯಲ್ಲಿ ತೆರೆದಿಡುವವರಿದ್ದಾರೆ. ಸತ್ತ ಎಳೆ ಅಲ್ಲೇ ಉಳಿಯುತ್ತದೆ, ಮೇಲಾಗಿ ಭೂತಗನ್ನಡಿಯಂತೆ ಲೆನ್ಸ್ ಪರದೆಗೋ ಹಾಸಿಗೆಗೋ ಬೆಂಕಿ ಹಚ್ಚಬಹುದು. ಖಂಡಿತ ಮಾಡಬೇಡಿ.

ಬೆಳೆಯದಂತೆ ನಿಲ್ಲಿಸುವುದು ನಮ್ಮ ಕೈಯಲ್ಲಿದೆ. ಹಿಂದೆ ಕಪಾಟಿನೊಳಗೆ ಜೀರೋ ಕ್ಯಾಂಡಲ್ ಬಲ್ಬ್ ಉರಿಸಿಡುತ್ತಿದ್ದರು, ಅದರ ಬಿಸಿಗೆ ತೇವ ಇಳಿಯುತ್ತಿತ್ತು. ಈಗಿನ ಎಲ್‌ಇಡಿ ಬಲ್ಬ್‌ಗೆ ಆ ಬಿಸಿ ಇಲ್ಲ. ಈಗ ಬೇಕಾದದ್ದು ರಬ್ಬರ್ ಅಂಚಿನ ಬಿಗಿ ಡಬ್ಬ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮಾಪಕ. ಮಾಪಕದ ಅಂಕೆ 40ರಿಂದ 50ರೊಳಗೆ ನಿಲ್ಲಬೇಕು. 60 ದಾಟಿದರೆ ಫಂಗಸಿಗೆ ಆಹ್ವಾನ. 30ಕ್ಕಿಂತ ಕೆಳಗೆ ಬಹುಕಾಲ ಇದ್ದರೆ ರಬ್ಬರು, ಗ್ರೀಸುಗಳಿಗೆ ಒಳ್ಳೆಯದಲ್ಲ. ನೀಲಿ ಜೆಲ್ ತೇವ ಹೀರಿ ಗುಲಾಬಿಯಾಗುತ್ತದೆ, ಕಿತ್ತಳೆ ಬಣ್ಣದ್ದು ಹಸಿರಾಗುತ್ತದೆ. ಹದವಾಗಿ ಬಿಸಿಮಾಡಿದರೆ ಮೊದಲಿನಂತಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡುಗೆಯ ಬಾಣಲೆ ಬಳಸಬೇಡಿ, ಅದಕ್ಕೇ ಬೇರೆ ಪಾತ್ರೆ ಇಡಿ. ಕ್ಯಾಮೆರಾ ಚೀಲ ಹೊತ್ತೊಯ್ಯಲು ಮಾತ್ರ. ಮಳೆಯಲ್ಲಿ ಒದ್ದೆಯಾದ ಚೀಲದಲ್ಲೇ ವಾರಗಟ್ಟಲೆ ಬಿಟ್ಟರೆ ಫಂಗಸಿಗೆ ಅದಕ್ಕಿಂತ ಹಿತವಾದ ಮನೆ ಸಿಗದು.

ಅವನಿಗೆ ಅಂಥದೊಂದು ಡಬ್ಬ ಮಾಡಿಕೊಟ್ಟೆ. ಟಾರ್ಚ್ ಹಿಡಿದ ಕೋನ ನೆನಪಿರಲೆಂದು ಆ ಎಳೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ತಾರೀಕು ಬರೆದಿಟ್ಟೆವು. ದೀಪಾವಳಿಗೆ ಬಂದಾಗ ಮತ್ತೆ ಹಾಗೆಯೇ ಹಿಡಿದು, ಹಳೆಯ ಚಿತ್ರದ ಪಕ್ಕದಲ್ಲಿಟ್ಟು ನೋಡಿದೆವು. ಅಕ್ಕಿಕಾಳಿನ ಎಳೆ, ಎರಡು ಕವಲು. ಮೂರನೆಯದು ಒಡೆದಿರಲಿಲ್ಲ. ಡಬ್ಬದ ಮಾಪಕ 46 ತೋರಿಸುತ್ತಿತ್ತು.